ಹೊಸ ಹೆಡ್‌ಫೋನ್ ಬಂತು ಸರಿ, ವಾಲ್ಯೂಮ್ ಇಳೀತಾ?



ಇವತ್ತು ರಾಜಕೀಯ ಬೇಡ. ಯಾರ ಮನೆ ಊಟಕ್ಕೆ ಯಾವ ಬಣದ ಶಾಸಕರು ಹೋದ್ರು ಅನ್ನೋದು ನಾಳೆಗೂ ಇರುತ್ತೆ. ಇವತ್ತು ನಿಮ್ಮ ಮನೆಯೊಳಗಿನ ಒಂದು ವಿಷಯ ಮಾತಾಡೋಣ. ನಿಮ್ಮ ಮಗನೋ ಮಗಳೋ ಕಿವಿಗೆ ಏನನ್ನೋ ಸಿಗಿಸಿಕೊಂಡು ಕೂತಿರ್ತಾರೆ. ಊಟಕ್ಕೆ ಬಾ ಅಂತ ಮೂರು ಸಲ ಕೂಗಿದ್ರೂ ತಿರುಗಿ ನೋಡಲ್ಲ. ಆ ವಿಷಯ.

ಹೆಡ್‌ಫೋನು, ಸ್ಪೀಕರು ಅನ್ನೋದು ಈಗ ಎಷ್ಟೋ ಜನಕ್ಕೆ ದೊಡ್ಡ ಹವ್ಯಾಸ. ಹಿಂದೆ ಅಂಚೆಚೀಟಿ, ಹಳೇ ನಾಣ್ಯ ಸಂಗ್ರಹ ಮಾಡೋರು ಇದ್ರಲ್ಲ, ಅದೇ ಥರ. ಬೆಂಗಳೂರಿನ ಐಟಿ ಹುಡುಗರಲ್ಲಿ ಇಂಥವರು ಬೇಕಾದಷ್ಟು ಜನ ಸಿಗ್ತಾರೆ. ಹೊಸದು ಕೊಂಡ ತಕ್ಷಣ ಡಬ್ಬ ಬಿಚ್ಚಿ, ಫೋಟೋ ತೆಗೆದು, ಗೆಳೆಯರ ಬಳಗಕ್ಕೆಲ್ಲ ಕಳಿಸ್ತಾರೆ. ಒಬ್ಬ ಎರಡು ಸಾವಿರ ರೂಪಾಯಿಯ ಚೀನಾ ಐಇಎಂ ತೋರಿಸ್ತಾನೆ. ಐಇಎಂ ಅಂದ್ರೆ ಕಿವಿಯ ತೂತಿನೊಳಗೆ ಬಿಗಿಯಾಗಿ ಕೂರೋ ಇಯರ್‌ಫೋನು, ವೇದಿಕೆ ಮೇಲೆ ಹಾಡುಗಾರರು ಹಾಕ್ಕೊಳ್ತಾರಲ್ಲ, ಆ ಜಾತಿಯದ್ದು. ಇನ್ನೊಬ್ಬ ಮೂವತ್ತು ಸಾವಿರದ ಹೆಡ್‌ಫೋನ್ ತೋರಿಸ್ತಾನೆ. ಮತ್ತೊಬ್ಬ ಎಸ್.ಪಿ. ರೋಡಿಗೆ ಹೋಗಿ ಆಂಪ್ಲಿಫೈಯರ್ ಬೋರ್ಡು, ಸ್ಪೀಕರ್ ಡ್ರೈವರು ತಂದು, ಬಡಗಿ ಹತ್ರ ಪೆಟ್ಟಿಗೆ ಮಾಡಿಸಿ, ತಾನೇ ಬೆಸುಗೆ ಹಾಕಿ, "ಹೆಂಗಿದೆ ನೋಡ್ರೋ" ಅಂತಾನೆ. ಇವರದ್ದೇ ಒಂದು ಭಾಷೆ ಇದೆ. "ಇದೇ ನನ್ನ ಎಂಡ್ ಗೇಮ್" ಅಂತಾರೆ. ಅಂದ್ರೆ ಇದೇ ಕೊನೆ, ಇನ್ಮೇಲೆ ಏನೂ ಕೊಳ್ಳಲ್ಲ ಅಂತ. ಮೂರು ತಿಂಗಳು ಕಳೀಲಿ, ಮನೆ ಬಾಗಿಲಿಗೆ ಇನ್ನೊಂದು ಪಾರ್ಸೆಲ್ ಬಂದಿರುತ್ತೆ.

ನಾನು ಇವರನ್ನು ಗೇಲಿ ಮಾಡೋಕೆ ಕೂತಿಲ್ಲ. ಇಂಜಿನಿಯರಿಂಗ್ ಓದಿದವನು ನಾನು, ಈ ಹುಚ್ಚು ಎಲ್ಲಿಂದ ಹುಟ್ಟುತ್ತೆ ಅಂತ ಗೊತ್ತು. ದುಡಿದ ದುಡ್ಡಲ್ಲಿ ಒಳ್ಳೇ ಸಂಗೀತ ಕೇಳೋಕೆ ಖರ್ಚು ಮಾಡೋದು ಯಾವ ಲೆಕ್ಕದಲ್ಲೂ ಕೆಟ್ಟ ಚಟ ಅಲ್ಲ. ಆದ್ರೆ ಈ ಹೊಸ ಖರೀದಿಯ ಸಂಭ್ರಮದಲ್ಲಿ ಎಲ್ಲ ವಿವರ ಇರುತ್ತೆ, ಒಂದು ವಿವರ ಬಿಟ್ಟು. ಬ್ರ್ಯಾಂಡ್ ಇರುತ್ತೆ, ಬೆಲೆ ಇರುತ್ತೆ, ಡ್ರೈವರ್ ಎಷ್ಟು ಮಿಲಿಮೀಟರ್ ಅಂತ ಇರುತ್ತೆ, ಬಾಸ್ ಹೇಗಿದೆ ಅಂತ ಇರುತ್ತೆ. ಎಷ್ಟು ಜೋರಾಗಿ ಕೇಳ್ತೀನಿ, ದಿನಕ್ಕೆ ಎಷ್ಟು ಗಂಟೆ ಕೇಳ್ತೀನಿ ಅನ್ನೋದು ಮಾತ್ರ ಇರಲ್ಲ. ಹೊಸದು ಬಂದ ಮೇಲೆ ವಾಲ್ಯೂಮ್ ಇಳೀತಾ? ಇವತ್ತಿನ ನನ್ನ ಪ್ರಶ್ನೆ ಇಷ್ಟೇ. ಯಾಕೆ ಇದೇ ಪ್ರಶ್ನೆ ಅಂತ ಹೇಳ್ತೀನಿ, ಸ್ವಲ್ಪ ತಾಳ್ಮೆಯಿಂದ ಕೇಳಿ.

ಮೊದಲು ಒಂದು ಕಥೆ. ಸ್ಪೀಕರ್ ಕೊಂಡು ನಿರಾಸೆ ಆದ ಒಬ್ಬ ಹುಡುಗನ ಕಥೆ.

1956. ಅಮೆರಿಕದ ಎಂಐಟಿಯಲ್ಲಿ ಡಾಕ್ಟರೇಟ್ ಮುಗಿಸಿದ ಒಬ್ಬ ಯುವಕ ತನಗೆ ತಾನೇ ಒಂದು ಉಡುಗೊರೆ ಕೊಟ್ಕೊಳ್ಳೋಣ ಅಂತ ಒಳ್ಳೇ ಸ್ಟೀರಿಯೋ ಸೆಟ್ ಕೊಳ್ತಾನೆ. ಇಂಜಿನಿಯರ್ ಅಲ್ವಾ, ಹಾಳೆ ಮೇಲಿನ ಅಂಕಿ-ಅಂಶ ಎಲ್ಲ ನೋಡಿ, ಯಾವುದರ ಸ್ಪೆಸಿಫಿಕೇಶನ್ ಚೆನ್ನಾಗಿದೆಯೋ ಅದನ್ನೇ ಆರಿಸ್ತಾನೆ. ಮನೆಗೆ ತಂದು ಹಾಕಿದ್ರೆ ಸಂಗೀತ ಸಂಗೀತದ ಹಾಗೆ ಕೇಳಿಸ್ತಿಲ್ಲ! ಅಂಕಿ ಎಲ್ಲ ಸರಿ ಇದೆ, ಕಿವಿ ಮಾತ್ರ ಒಪ್ತಿಲ್ಲ. ಯಾಕೆ ಹೀಗೆ ಅಂತ ಹುಡುಕೋಕೆ ಹೊರಟವನು ಇಡೀ ಜೀವನ ಅದರಲ್ಲೇ ಕಳೆದ. ಆ ಯುವಕನ ಹೆಸರು ಅಮರ್ ಬೋಸ್. ತಂದೆ ನೋನಿ ಗೋಪಾಲ್ ಬೋಸ್, ಬಂಗಾಳದ ಸ್ವಾತಂತ್ರ್ಯ ಹೋರಾಟಗಾರ, ಬ್ರಿಟಿಷರಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದವರು. ಎರಡನೇ ಮಹಾಯುದ್ಧದ ಕಾಲದಲ್ಲಿ ಮನೆಯ ಕಷ್ಟಕ್ಕೆ ಆಗ್ಲಿ ಅಂತ ರೇಡಿಯೋ ರಿಪೇರಿ ಮಾಡ್ತಿದ್ದ ಹುಡುಗ ಅಮರ್. 1964ರಲ್ಲಿ ಬೋಸ್ ಕಂಪನಿ ಕಟ್ಟಿದರು. ಅದರ ಜೊತೆಗೆ ಎಂಐಟಿಯಲ್ಲಿ ದಶಕಗಳ ಕಾಲ ಪಾಠ ಮಾಡಿದರು. 2011ರಲ್ಲಿ ಕಂಪನಿಯ ಹೆಚ್ಚಿನ ಪಾಲು ಷೇರುಗಳನ್ನು ಅದೇ ಎಂಐಟಿಗೆ ಕೊಟ್ಟುಬಿಟ್ಟರು.

ಈಗ ನನ್ನ ವಿಷಯಕ್ಕೆ ಬೇಕಾಗಿರೋ ಭಾಗ. 1978ರಲ್ಲಿ ಬೋಸ್ ಅವರು ಜ್ಯೂರಿಕ್‌ನಿಂದ ಬಾಸ್ಟನ್‌ಗೆ ವಿಮಾನದಲ್ಲಿ ಬರ್ತಿದ್ರು. ವಿಮಾನದವರು ಕೊಟ್ಟ ಹೆಡ್‌ಫೋನ್ ಹಾಕ್ಕೊಂಡ್ರೆ, ಇಂಜಿನ್ ಮೊರೆತದಲ್ಲಿ ಸಂಗೀತ ಮುಳುಗಿಹೋಗ್ತಿತ್ತು. ಅವರ ಜಾಗದಲ್ಲಿ ನಾವಿದ್ದಿದ್ರೆ ಏನ್ ಮಾಡ್ತಿದ್ವಿ? ವಾಲ್ಯೂಮ್ ಏರಿಸ್ತಿದ್ವಿ. ಅವರು ಪೆನ್ನು ಕಾಗದ ತೆಗೆದು, ಆ ಮೊರೆತವನ್ನೇ ಕಡಿಮೆ ಮಾಡೋಕೆ ಆಗುತ್ತಾ ಅಂತ ವಿಮಾನದಲ್ಲೇ ಲೆಕ್ಕ ಹಾಕೋಕೆ ಶುರು ಮಾಡಿದ್ರು. ಹೊರಗಿನ ಸದ್ದನ್ನು ಒಂದು ಸಣ್ಣ ಮೈಕ್ ಹಿಡಿಯುತ್ತೆ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹೆಡ್‌ಫೋನ್ ಒಳಗೆ ಹುಟ್ಟಿಸಿದ್ರೆ ಎರಡೂ ಸೇರಿ ಒಂದನ್ನೊಂದು ಅಳಿಸಿಹಾಕ್ತವೆ. ಇವತ್ತು ಎರಡು ಸಾವಿರದ ಬಡ್ಸ್ ಡಬ್ಬದ ಮೇಲೂ ಎಎನ್‌ಸಿ ಅಂತ ಬರೆದಿರ್ತಾರಲ್ಲ, ಅದು ಇದೇ. ಮೊದಲು ಬಂದಿದ್ದು ಪೈಲಟ್‌ಗಳಿಗೆ, 1989ರಲ್ಲಿ. ಅವರ ಕಿವಿ ಉಳಿಸೋಕೆ. ಸಾಮಾನ್ಯ ಗ್ರಾಹಕರಿಗೆ ಅಂತ ಬೋಸ್ ತಂದಿದ್ದು 2000ನೇ ಇಸವಿಯಲ್ಲಿ.

ಇದರಲ್ಲಿರೋ ಪಾಠ ನೋಡಿ. ಒಳ್ಳೇ ಸದ್ದಿಗೆ ಎರಡು ದಾರಿ ಇವೆ. ಹಾಡನ್ನು ಜೋರು ಮಾಡೋದು ಒಂದು, ಗಲಾಟೆಯನ್ನು ಕಡಿಮೆ ಮಾಡೋದು ಇನ್ನೊಂದು. ನಾವೆಲ್ಲ ಮೊದಲನೇ ದಾರೀಲಿ ಹೋಗ್ತಿದ್ದೀವಿ. ಕಂಪನಿಗಳೂ ಅದೇ ದಾರಿಯ ಸಾಮಾನನ್ನೇ ನಮಗೆ ಮಾರ್ತಿವೆ.

ಡಬ್ಬದ ಮೇಲಿನ ಅಂಕಿಗಳನ್ನೇ ತಗೊಳ್ಳಿ. ನಲವತ್ತು ದಾಟಿದವರಿಗೆ ನೆನಪಿರುತ್ತೆ, ಟೇಪ್‌ರೆಕಾರ್ಡರ್ ಮೇಲೆ ಪಿಎಂಪಿಒ ಅಂತ ಬರೀತಿದ್ರು. 1000 ವಾಟ್, 2000 ವಾಟ್ ಪಿಎಂಪಿಒ! ನಿಜವಾಗಿ ಎರಡು ಸಾವಿರ ವಾಟ್ ಬಂದಿದ್ರೆ ಅದು ಇಸ್ತ್ರಿ ಪೆಟ್ಟಿಗೆಗಿಂತ ಜಾಸ್ತಿ ಕರೆಂಟ್ ತಿನ್ನಬೇಕಾಗಿತ್ತು. ಕಣ್ಣು ಮಿಟುಕಿಸೋದಕ್ಕಿಂತ ಕಮ್ಮಿ ಹೊತ್ತು ಬರಬಹುದಾದ ಗರಿಷ್ಠ ಶಕ್ತಿಯನ್ನು ಇವರಿಗಿಷ್ಟ ಬಂದ ಹಾಗೆ ಲೆಕ್ಕ ಹಾಕಿ ಬರೆದಿದ್ದ ಅಂಕಿ ಅದು. ಸತತವಾಗಿ ಎಷ್ಟು ಶಕ್ತಿ ಕೊಡುತ್ತೆ ಅನ್ನೋದನ್ನು ಆರ್‌ಎಂಎಸ್ ವಾಟ್ ಹೇಳುತ್ತೆ. ಆ ಅಂಕಿ ಬಹಳ ಸಣ್ಣದಿರ್ತಿತ್ತು.

ಈಗ ಪಿಎಂಪಿಒ ಹೋಗಿದೆ, ಬೇರೆ ಅಂಕಿಗಳು ಬಂದಿವೆ. 40,000 ಹರ್ಟ್ಜ್ ತನಕ ಸದ್ದು ಬರುತ್ತೆ ಅಂತಾರೆ. ಮನುಷ್ಯನ ಕಿವಿಗೆ ಕೇಳೋದೇ 20ರಿಂದ 20,000 ಹರ್ಟ್ಜ್. ಅದೂ ಹುಟ್ಟಿದಾಗ. ವಯಸ್ಸಾಗ್ತಾ ಮೇಲಿನ ತುದಿ ಇಳೀತಾ ಬರುತ್ತೆ. ನಲವತ್ತು-ಐವತ್ತರ ಹೊತ್ತಿಗೆ 15,000 ಕೇಳಿದ್ರೆ ಪುಣ್ಯ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ, ಹೆಡ್‌ಫೋನ್ ಹವ್ಯಾಸಕ್ಕೆ ಇದಕ್ಕಿಂತ ಸರಿಯಾದ ಗಾದೆ ಇಲ್ಲ. ಲಕ್ಷ ರೂಪಾಯಿ ಹೆಡ್‌ಫೋನ್ ಕೊಳ್ಳೋ ಸಂಬಳ ಬರೋ ಹೊತ್ತಿಗೆ, ಅದರ ಮೇಲಿನ ತುದಿ ಕೇಳೋ ಕಿವಿ ಹೋಗಿರುತ್ತೆ.

ಹಾಗಾದ್ರೆ ಬೆಲೆಗೂ ಸದ್ದಿಗೂ ಸಂಬಂಧ ಇಲ್ವಾ? ಇದನ್ನು ಅಳೆದವರಿದ್ದಾರೆ. 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 283 ಹೆಡ್‌ಫೋನ್‌ಗಳ ಫ್ರೀಕ್ವೆನ್ಸಿ ರೆಸ್ಪಾನ್ಸ್ ಹಾಗೂ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡಿದರು. ಫ್ರೀಕ್ವೆನ್ಸಿ ರೆಸ್ಪಾನ್ಸ್ ಅಂದ್ರೆ ಯಾವ ಸ್ವರವನ್ನು ಎಷ್ಟು ಜೋರಾಗಿ ಕೊಡುತ್ತೆ ಅನ್ನೋ ನಕ್ಷೆ. ಬೆಲೆಗೂ ಆ ನಕ್ಷೆಗೂ ಸಂಬಂಧವೇ ಕಾಣಲಿಲ್ಲ. ಅವರು ಅಳೆದಿದ್ದು ಅದೊಂದನ್ನೇ, ಗಟ್ಟಿತನ, ಹಾಕಿಕೊಳ್ಳೋಕೆ ಹಿತ, ಇವು ಅದರಲ್ಲಿ ಬರಲ್ಲ. ಆದ್ರೆ ಸದ್ದಿನ ಬಣ್ಣ ನಿರ್ಧಾರ ಆಗೋದು ಮುಖ್ಯವಾಗಿ ಆ ನಕ್ಷೆಯಿಂದಲೇ.

ಇನ್ನೊಂದು ಪ್ರಯೋಗ. 2007ರಲ್ಲಿ ಬಾಸ್ಟನ್‌ನ ಮೇಯರ್ ಮತ್ತು ಮೊರಾನ್ ಅನ್ನೋ ಇಬ್ಬರು ಪ್ರಕಟಿಸಿದ್ದು. ದುಬಾರಿ ಹೈ-ರೆಸಲ್ಯೂಶನ್ ಡಿಸ್ಕ್‌ನ ಸದ್ದು ಒಂದು ಕಡೆ, ಅದನ್ನೇ ಮಾಮೂಲಿ ಸಿಡಿ ಗುಣಮಟ್ಟಕ್ಕೆ ಇಳಿಸಿದ್ದು ಇನ್ನೊಂದು ಕಡೆ. ಯಾವುದು ಯಾವುದು ಅಂತ ಹೇಳದೆ ಕೇಳಿಸಿದರು. ಒಟ್ಟು 554 ಸಲ ಪರೀಕ್ಷೆ. ಸರಿಯುತ್ತರ 276. ಅಂದ್ರೆ ಅರ್ಧಕ್ಕೆ ಅರ್ಧ. ನಾಣ್ಯ ಚಿಮ್ಮಿ ಹೇಳಿದ್ರೂ ಅಷ್ಟೇ ಬರ್ತಿತ್ತು!

ಮೂರನೇದು ನನಗೆ ಬಹಳ ಇಷ್ಟವಾದ ಪ್ರಯೋಗ. 1994ರಲ್ಲಿ ಹರ್ಮನ್ ಅನ್ನೋ ಕಂಪನಿಯಲ್ಲಿ, ಜೆಬಿಎಲ್ ಸ್ಪೀಕರ್ ಮಾಡ್ತಾರಲ್ಲ ಅವರದ್ದು, ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಅನ್ನೋ ತಜ್ಞರು ತಮ್ಮದೇ 40 ಜನ ನೌಕರರನ್ನು ಕೂರಿಸಿದರು. ನಾಲ್ಕು ಸ್ಪೀಕರ್‌ಗಳು. ಮೊದಲು ಪರದೆ ಹಿಂದೆ ಇಟ್ಟು ಕೇಳಿಸಿ ಅಂಕ ಕೊಡಿ ಅಂದ್ರು. ಆಮೇಲೆ ಪರದೆ ತೆಗೆದು ಕೇಳಿಸಿದ್ರು. ಅವೇ ಸ್ಪೀಕರು, ಅದೇ ಹಾಡು, ಅವೇ ಕಿವಿ. ಆದ್ರೆ ಅಂಕ ಬದಲಾಯ್ತು! ದೊಡ್ಡದಾಗಿ ಅಂದವಾಗಿ ಕಾಣೋ ಸ್ಪೀಕರ್‌ಗೆ ಅಂಕ ಏರಿತು, ಕಡಿಮೆ ಬೆಲೆಯ ಪುಟ್ಟ ಸೆಟ್‌ಗೆ ಇಳೀತು. ಇವರು ಸಾಮಾನ್ಯ ಜನರಲ್ಲ, ಸ್ಪೀಕರ್ ಕಂಪನಿಯಲ್ಲೇ ಕೆಲಸ ಮಾಡೋರು. ಅವರಿಗೇ ಹೀಗಾದ್ರೆ ನಮ್ಮ ಗತಿ ಏನು? ನಾವು ಕಿವಿಯಿಂದ ಕೇಳ್ತೀವಿ ಅಂದ್ಕೊಂಡಿದ್ದೀವಿ. ಅರ್ಧ ಕಣ್ಣಲ್ಲಿ ಕೇಳ್ತೀವಿ, ಕಾಲು ಭಾಗ ಪರ್ಸಲ್ಲಿ ಕೇಳ್ತೀವಿ.

ಅಂಗಡೀಲಿ ನಡೆಯೋ ಇನ್ನೊಂದು ಸಂಗತಿ ಹೇಳ್ತೀನಿ. ಎರಡು ಸ್ಪೀಕರ್ ಪಕ್ಕಪಕ್ಕ ಇಟ್ಟು ಒಂದನ್ನು ಸ್ವಲ್ಪವೇ ಸ್ವಲ್ಪ ಜೋರು ಮಾಡಿ ಹಾಕಿ. ಜೋರಾಗಿರೋದೇ ಚೆನ್ನಾಗಿದೆ ಅನ್ಸುತ್ತೆ. ಜೋರು ಅಂತ ಗೊತ್ತಾಗಲ್ಲ, ಚೆನ್ನಾಗಿದೆ ಅಂತಲೇ ಅನ್ಸುತ್ತೆ. ಮನುಷ್ಯನ ಕಿವಿ ಹಾಗೆ ಇದೆ. ಅದಕ್ಕೇ ತಿಳಿದ ಹವ್ಯಾಸಿಗಳು ಎರಡನ್ನು ಹೋಲಿಸೋ ಮುಂಚೆ ಎರಡರ ವಾಲ್ಯೂಮ್ ಅಳೆದು ಸಮ ಮಾಡ್ಕೊಳ್ತಾರೆ. ಈ ಬಳಗದವರಲ್ಲಿ ನಾನು ಮೆಚ್ಚೋ ಗುಣ ಇದು. ಅವರಲ್ಲಿ ಗಂಭೀರವಾಗಿರೋರು ಬೆಲೆ ನೋಡಿ ಮರುಳಾಗಲ್ಲ. ಸೆನ್‌ಹೈಸರ್ ಕಂಪನಿಯ ಎಚ್‌ಡಿ 600 ಅನ್ನೋ ಹೆಡ್‌ಫೋನ್ ಬಂದಿದ್ದು 1997ರಲ್ಲಿ. ಹೊಸದು ಹೊಸದು ಅಂತ ಓಡೋ ಇದೇ ಜನ ಅದನ್ನು ಇವತ್ತಿಗೂ ಅಳತೆಗೋಲಾಗಿ ಇಟ್ಕೊಂಡಿದ್ದಾರೆ. ಅದೇ ಕಂಪನಿಯ ಎಚ್‌ಇ 1 ಅನ್ನೋ ಹೆಡ್‌ಫೋನ್‌ಗೆ ಬಿಡುಗಡೆ ಹೊತ್ತಲ್ಲಿ ಸುಮಾರು 50,000 ಯೂರೋ ಬೆಲೆ ಇತ್ತು. ಒಂದು ಕಾರಿನ ದುಡ್ಡು. ಅದನ್ನು ಕೇಳಿದವರು ಹೊಗಳ್ತಾರೆ. ಆದ್ರೆ ಎರಡು ಸಾವಿರದ ಐಇಎಂಗಿಂತ ಅದು ಸಾವಿರ ಪಾಲು ಚೆನ್ನಾಗಿದೆ ಅಂತ ಯಾವ ಹವ್ಯಾಸಿಯೂ ಹೇಳಲ್ಲ. ಮೊದಲ ಕೆಲವು ಸಾವಿರ ರೂಪಾಯಿಗೆ ಸದ್ದು ಬೇಗ ಬೇಗ ಸುಧಾರಿಸುತ್ತೆ. ಆಮೇಲೆ ಹಾಕೋ ದುಡ್ಡಿಗೆ ಸಿಗೋ ಫಲ ಕಮ್ಮಿ ಆಗ್ತಾ ಹೋಗುತ್ತೆ, ಹೆಮ್ಮೆ ಜಾಸ್ತಿ ಆಗ್ತಾ ಹೋಗುತ್ತೆ.

ಸರಿ, ಬೆಲೆಯಿಂದ ಸದ್ದು ನಿರ್ಧಾರ ಆಗಲ್ಲ ಅಂದ್ರೆ ಯಾವುದನ್ನು ನೋಡಿ ಕೊಳ್ಳಬೇಕು? ಇಲ್ಲಿಗೆ ಬಂತು ನನ್ನ ಪ್ರಶ್ನೆ. ಹೊಸದು ಬಂದ ಮೇಲೆ ವಾಲ್ಯೂಮ್ ಇಳೀತಾ?

ಲೆಕ್ಕ ಮಾಡೋಣ. ಸದ್ದನ್ನು ಡೆಸಿಬೆಲ್‌ನಲ್ಲಿ ಅಳೀತಾರೆ. ಈ ಡೆಸಿಬೆಲ್ ನಮ್ಮ ಮಾಮೂಲಿ ಕೂಡೋ ಕಳೆಯೋ ಲೆಕ್ಕ ಅಲ್ಲ. 3 ಡೆಸಿಬೆಲ್ ಜಾಸ್ತಿ ಆದ್ರೆ ಕಿವಿಗೆ ಬೀಳೋ ಶಕ್ತಿ ದುಪ್ಪಟ್ಟು. ವಿಶ್ವ ಆರೋಗ್ಯ ಸಂಸ್ಥೆ ಹೇಳೋದು, ದೊಡ್ಡವರು ವಾರಕ್ಕೆ 40 ಗಂಟೆ 80 ಡೆಸಿಬೆಲ್‌ನಲ್ಲಿ ಕೇಳಬಹುದು. ಅದಕ್ಕಿಂತ 3 ಡೆಸಿಬೆಲ್ ಏರಿದ ಹಾಗೆಲ್ಲ ಸಮಯ ಅರ್ಧಕ್ಕಿಳಿಯುತ್ತೆ. 83 ಆದ್ರೆ 20 ಗಂಟೆ. 86 ಆದ್ರೆ 10 ಗಂಟೆ. 90 ಆದ್ರೆ ವಾರಕ್ಕೆ ಬರೀ 4 ಗಂಟೆ. ದಿನಕ್ಕಲ್ಲ, ವಾರಕ್ಕೆ.

ಈಗ ಸಿಲ್ಕ್ ಬೋರ್ಡಿಂದ ಹೆಬ್ಬಾಳದ ತನಕ ಬಸ್ಸಲ್ಲಿ ಓಡಾಡೋ ಒಬ್ಬ ಹುಡುಗಿಯನ್ನು ತಗೊಳ್ಳಿ. ಸುತ್ತಲಿನ ಸದ್ದು 80 ಡೆಸಿಬೆಲ್ ಅಂತಿಟ್ಕೊಳ್ಳಿ. ಕಿವಿಗೆ ಸಡಿಲವಾಗಿ ತೂಗಾಡೋ ಅಗ್ಗದ ಇಯರ್‌ಫೋನ್. ಬಸ್ಸಿನ ಸದ್ದನ್ನು ಮೀರಿ ಹಾಡು ಕೇಳ್ಬೇಕು ಅಂದ್ರೆ 90ಕ್ಕೆ ಏರಿಸ್ಲೇಬೇಕು. ದಿನಕ್ಕೆ ಹೋಗ್ತಾ ಬರ್ತಾ 2 ಗಂಟೆ. ಸೋಮವಾರ 2, ಮಂಗಳವಾರ 2. ಮುಗೀತು. ವಾರದ ಕೋಟಾ ಮಂಗಳವಾರ ಸಂಜೆಗೇ ಖಾಲಿ! ಬುಧವಾರದಿಂದ ಶುಕ್ರವಾರದ ತನಕ ಕೇಳೋದೆಲ್ಲ ಕಿವಿಯ ಮೇಲಿನ ಸಾಲ.

ಅದೇ ಹುಡುಗಿ, ತನ್ನ ಕಿವಿಗೆ ಸರಿಯಾಗಿ ಕೂರೋ ಸಿಲಿಕಾನ್ ಟಿಪ್ ಇರೋ ಇಯರ್‌ಫೋನ್ ಹಾಕ್ಕೊಂಡ್ರೆ? ಹೊರಗಿನ ಸದ್ದು 15 ಡೆಸಿಬೆಲ್ ತಡೀತು ಅಂತಿಟ್ಕೊಳ್ಳಿ. ಕಿವಿಯೊಳಗೆ ಬರೋದು 65. ಹಾಡು 75ರಲ್ಲಿ ಇಟ್ರೂ ಮೊದಲಿನಷ್ಟೇ ಸ್ಪಷ್ಟ. 75ರಲ್ಲಿ ಅವಳು ವಾರವೆಲ್ಲ ಕೇಳಬಹುದು. ಅದೇ ಬಸ್ಸು, ಅದೇ ಹಾಡು. ವ್ಯತ್ಯಾಸ ಎಲ್ಲಿತ್ತು? ಒಂದು ಚೂರು ರಬ್ಬರಿನಲ್ಲಿ. ಡಬ್ಬದ ಜೊತೆ ಮೂರು ಸೈಜಿನ ಟಿಪ್ ಕೊಟ್ಟಿರ್ತಾರೆ. ಎಷ್ಟೋ ಜನ ಮೊದಲಿಂದ ಹಾಕಿರೋದನ್ನೇ ಹಾಕ್ಕೊಂಡು, ಉಳಿದದ್ದನ್ನು ಡಬ್ಬದಲ್ಲೇ ಬಿಟ್ಟು ಅಟ್ಟಕ್ಕೆ ಎಸೀತಾರೆ. ಬಿಚ್ಚಿ, ಮೂರನ್ನೂ ಹಾಕಿ ನೋಡಿ. ಎಡಗಿವಿಗೊಂದು ಸೈಜು, ಬಲಗಿವಿಗೊಂದು ಸೈಜು ಬೇಕಾಗಬಹುದು. ಬಾಸ್ ಇಲ್ಲ ಅಂತ ಬೈಕೊಳ್ತಿದ್ದ ಎಷ್ಟೋ ಇಯರ್‌ಫೋನ್‌ಗೆ ಟಿಪ್ ಸರಿಯಾಗಿ ಕೂತ ಕ್ಷಣ ಬಾಸ್ ಬರುತ್ತೆ.

ಎಎನ್‌ಸಿ ಕೂಡ ಇದನ್ನೇ ಮಾಡುತ್ತೆ. ಬಸ್ಸಿನ ಇಂಜಿನ್, ವಿಮಾನ, ಎಸಿಯ ಗುಂಯ್ ಅನ್ನೋ ಒಂದೇ ಸಮನೆ ಮೊರೆತಕ್ಕೆ ಅದು ಒಳ್ಳೇದು. ಹಾರ್ನು, ಮಾತು, ತಟ್ಟೆ ಬಿದ್ದ ಸದ್ದಿಗೆ ಅಷ್ಟಾಗಿ ಅಲ್ಲ, ಅದಕ್ಕೆ ರಬ್ಬರೇ ಬೇಕು. ಆದ್ರೆ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಗಾಡಿ ಓಡಿಸುವಾಗ, ರಸ್ತೆ ದಾಟುವಾಗ, ರೈಲ್ವೆ ಹಳಿ ಹತ್ರ ಕಿವಿ ಖಾಲಿ ಇರ್ಲಿ. ಹೊರಗಿನ ಸದ್ದು ಅಲ್ಲಿ ಗಲಾಟೆ ಅಲ್ಲ, ನಿಮ್ಮ ಜೀವ ಕಾಯೋ ಕಾವಲುಗಾರ.

ಸ್ಪೀಕರ್ ಕೊಳ್ಳೋರಿಗೂ ಇದೇ ಲೆಕ್ಕ. ಸ್ಪೀಕರ್ ಒಂದೇ ಹಾಡಲ್ಲ, ಕೋಣೆಯೂ ಜೊತೆಗೆ ಹಾಡುತ್ತೆ. ನಮ್ಮ ಮನೆಗಳಲ್ಲಿ ಟೈಲ್ಸ್ ನೆಲ, ಬೋಳು ಗೋಡೆ, ಗಾಜಿನ ಕಿಟಕಿ. ಸದ್ದು ಬಡಿದು ಬಡಿದು ವಾಪಸ್ ಬಂದು ಎಲ್ಲ ಕಲಸುಮೇಲೋಗರ ಆಗುತ್ತೆ. ಮಾತು ಸ್ಪಷ್ಟ ಇಲ್ಲ ಅಂತ ವಾಲ್ಯೂಮ್ ಏರಿಸ್ತೀವಿ, ಇನ್ನಷ್ಟು ಕಲಸಿಹೋಗುತ್ತೆ. ಮುಂದಿನ ಸ್ಪೀಕರ್ ಕೊಳ್ಳೋ ಮುಂಚೆ ಒಂದು ಜಮಖಾನ ಹಾಸಿ, ದಪ್ಪ ಪರದೆ ಹಾಕಿ, ಮೂಲೆಗೆ ಒತ್ತಿಟ್ಟಿರೋ ಸ್ಪೀಕರನ್ನು ಗೋಡೆಯಿಂದ ಒಂದೆರಡು ಅಡಿ ಮುಂದೆ ತನ್ನಿ, ಕಿವಿ ಮಟ್ಟಕ್ಕೆ ಎತ್ತರಿಸಿ. ಪಕ್ಕದ ಮನೆಯವರ ಜೊತೆ ಜಗಳವೂ ಕಮ್ಮಿ ಆಗುತ್ತೆ. ವಸತಿ ಪ್ರದೇಶಕ್ಕೆ ನಮ್ಮ ಕಾನೂನು ಇಟ್ಟಿರೋ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ ಹತ್ತರ ಮೇಲೆ ನಿಮ್ಮ ಸಬ್‌ವೂಫರ್ ಬರೀ ನಿಮ್ಮ ಸ್ವತ್ತಲ್ಲ, ಗೋಡೆಯಾಚೆ ಮಲಗಿರೋ ಮಗುವಿಗೂ ಅದು ಕೇಳುತ್ತೆ.

ನ್ಯೂಸ್ ಚಾನೆಲ್‌ನವನು ವಾಲ್ಯೂಮ್ ಇಳಿಸಿ ಅಂತಿದ್ದಾನಲ್ಲ ಅಂತ ನಗ್ತಿದ್ದೀರಾ? ನಗಿ, ಪರವಾಗಿಲ್ಲ. ನಾನು ಹೇಳ್ತಿರೋದು ನನ್ನ ಕೆಲಸದಿಂದಲೂ ಹೌದು. ಇಲ್ಲಿ ಕೂತು ಮಾತಾಡೋ ಪ್ರತಿಯೊಬ್ಬರ ಕಿವಿಯಲ್ಲೂ ಒಂದು ಇಯರ್‌ಪೀಸ್ ಇರುತ್ತೆ. ಪಿಸಿಆರ್‌ನಲ್ಲಿ ಕೂತವರು ಬ್ರೇಕಿಗೆ ಹೋಗಿ, ಅತಿಥಿ ಲೈನಲ್ಲಿದ್ದಾರೆ, ಹತ್ತು ಸೆಕೆಂಡ್ ಅಂತ ಗಂಟೆಗಟ್ಟಲೆ ಅದರಲ್ಲೇ ಹೇಳ್ತಿರ್ತಾರೆ. ಸ್ಟುಡಿಯೋದಲ್ಲಿ ನಾಲ್ಕು ಜನ ಒಟ್ಟಿಗೆ ಕೂಗಾಡಿದಷ್ಟೂ ಆ ಇಯರ್‌ಪೀಸ್ ವಾಲ್ಯೂಮ್ ಏರಬೇಕಾಗುತ್ತೆ. ಕಾಲ್ ಸೆಂಟರ್‌ನಲ್ಲಿ ರಾತ್ರಿಪಾಳಿ ಮಾಡೋರು, ಆನ್‌ಲೈನ್ ಕ್ಲಾಸ್ ಕೇಳೋ ಮಕ್ಕಳು, ಪಿಜಿ ರೂಮಲ್ಲಿ ಗಲಾಟೆ ತಡೆಯೋಕೆ ಅಂತ ಕಿವಿ ಮುಚ್ಕೊಂಡು ಓದೋರು, ಇವರೆಲ್ಲರದ್ದೂ ಇದೇ ಪಾಡು. ಇವರಾರೂ ಹವ್ಯಾಸಿಗಳಲ್ಲ. ಕಿವಿಗೆ ಬೀಳೋ ಹೊಡೆತ ಮಾತ್ರ ಒಂದೇ.

ಆ ಹೊಡೆತ ಎಲ್ಲಿ ಬೀಳುತ್ತೆ ಗೊತ್ತಾ? ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನ ಹಾಗೆ ಒಂದು ಅಂಗ ಇದೆ, ಕಾಕ್ಲಿಯಾ ಅಂತ. ಅದರೊಳಗೆ ಸುಮಾರು 15 ಸಾವಿರ ರೋಮಕೋಶಗಳು. ಸದ್ದು ಬಂದಾಗ ಅವು ತೂಗಾಡಿ ಮಿದುಳಿಗೆ ಸುದ್ದಿ ಮುಟ್ಟಿಸ್ತವೆ. ಜೋರು ಸದ್ದಿಗೆ ದಣೀತವೆ, ತೀರಾ ಜೋರಾದ್ರೆ ಅಥವಾ ವರ್ಷಗಟ್ಟಲೆ ನಡೆದ್ರೆ ಸಾಯ್ತವೆ. ಸತ್ತಿದ್ದು ಮತ್ತೆ ಹುಟ್ಟಲ್ಲ. ಕೋಳಿಗೆ ಮತ್ತೆ ಹುಟ್ಟುತ್ತೆ, ವಿಜ್ಞಾನಿಗಳು ಕಂಡುಕೊಂಡಿದ್ದಾರೆ. ಮನುಷ್ಯನಿಗೆ ಆ ಭಾಗ್ಯ ಇಲ್ಲ. ಹೆಡ್‌ಫೋನ್ ಹೋದ್ರೆ ಹೊಸದು, ಕೇಬಲ್ ಹೋದ್ರೆ ಹೊಸದು. ಇದಕ್ಕೆ ಮಾತ್ರ ಅಪ್‌ಗ್ರೇಡ್ ಇಲ್ಲ.

ಇದು ಶುರುವಾಗೋದು ಹೇಗೆ ಅಂತ ತಿಳ್ಕೊಳ್ಳಿ. ಜೋರು ಸದ್ದಿನ ಪೆಟ್ಟು ಮೊದಲು ಬೀಳೋದು ಸಾಮಾನ್ಯವಾಗಿ 4,000 ಹರ್ಟ್ಜ್ ಆಸುಪಾಸಿನಲ್ಲಿ. ಸ, ಶ, ತ ಥರದ ವ್ಯಂಜನಗಳ ಸ್ಪಷ್ಟತೆ ಇರೋದು ಆ ಮೇಲಿನ ಭಾಗದಲ್ಲೇ. ಹಾಗಾಗಿ ಒಮ್ಮೆಲೇ ಕಿವುಡು ಆಗಲ್ಲ. ಸದ್ದು ಕೇಳಿಸ್ತಿರುತ್ತೆ, ಮಾತು ಅರ್ಥ ಆಗಲ್ಲ. ಹೆಂಡತಿ "ಸಾಲು" ಅಂದ್ರೆ ನಿಮಗೆ "ಹಾಲು" ಅಂತ ಕೇಳುತ್ತೆ. ಫೋನಲ್ಲಿ "ಸರಿಯಾಗಿ ಮಾತಾಡು" ಅಂತ ಎದುರಿನವರಿಗೆ ಬೈತೀರಿ. ಟಿವಿ ವಾಲ್ಯೂಮ್ ಎರಡು ಕಡ್ಡಿ ಏರುತ್ತೆ. ಸುತ್ತ ಎಲ್ಲರೂ ಗೊಣಗ್ತಿದ್ದಾರೆ ಅನ್ಸುತ್ತೆ. ರಾತ್ರಿ ಮಲಗಿದಾಗ ಕಿವಿಯಲ್ಲಿ ಕೀಂ ಅನ್ನೋ ಸದ್ದು. ಅದು ಕಿವಿ ಕೊಡೋ ಎಚ್ಚರಿಕೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು, 12ರಿಂದ 35 ವಯಸ್ಸಿನವರಲ್ಲಿ ಜಗತ್ತಿನಾದ್ಯಂತ 100 ಕೋಟಿಗೂ ಹೆಚ್ಚು ಜನ ಹೀಗೆ ಜೋರು ಸದ್ದು ಕೇಳಿ ಶ್ರವಣ ಕಳ್ಕೊಳ್ಳೋ ಅಪಾಯದಲ್ಲಿದ್ದಾರೆ. 2024ರ ಜೂನ್‌ನಲ್ಲಿ ಗಾಯಕಿ ಅಲ್ಕಾ ಯಾಗ್ನಿಕ್ ತಮಗೆ ಶ್ರವಣದೋಷ ಆಗಿದೆ ಅಂತ ಸ್ವತಃ ಹೇಳಿಕೊಂಡರು. ಅವರಿಗೆ ಆಗಿದ್ದು ವೈರಸ್‌ನಿಂದ ಅಂತ ವೈದ್ಯರು ಹೇಳಿದ್ದರು, ಹೆಡ್‌ಫೋನ್‌ನಿಂದಲ್ಲ. ಆದ್ರೂ ಅದೇ ಮಾತಲ್ಲಿ ಅವರು ಅಭಿಮಾನಿಗಳಿಗೆ ಜೋರು ಸಂಗೀತ, ಹೆಡ್‌ಫೋನ್ ಬಗ್ಗೆ ಎಚ್ಚರ ಹೇಳಿದರು. ಜೀವನವೆಲ್ಲ ಹೆಡ್‌ಫೋನ್ ಹಾಕ್ಕೊಂಡು ಹಾಡಿದವರ ಮಾತದು.

ಮಾರುಕಟ್ಟೆ ಈ ಲೆಕ್ಕವನ್ನು ನಮಗಿಂತ ಮುಂಚೆ ಹಾಕಿದೆ. ಆಗ್ಲೇ ಹೇಳಿದ ಸೆನ್‌ಹೈಸರ್ ಕಂಪನಿಯ ಗ್ರಾಹಕ ಹೆಡ್‌ಫೋನ್ ವ್ಯವಹಾರವನ್ನು 2022ರಲ್ಲಿ ತೆಗೆದುಕೊಂಡಿದ್ದು ಯಾರು ಗೊತ್ತಾ? ಸ್ವಿಟ್ಜರ್‌ಲೆಂಡಿನ ಸೊನೊವಾ. ಅವರ ಮುಖ್ಯ ಕಸುಬೇ ಶ್ರವಣ ಸಾಧನ, ಅಂದ್ರೆ ಕಿವಿ ಮಂದ ಆದವರಿಗೆ ಹಾಕೋ ಹಿಯರಿಂಗ್ ಏಡ್! 2024ರಲ್ಲಿ ಆಪಲ್ ಕಂಪನಿಯ ಏರ್‌ಪಾಡ್ಸ್ ಪ್ರೋ 2ರ ಶ್ರವಣ ಸಾಧನದ ಸೌಲಭ್ಯಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಒಪ್ಪಿಗೆ ಕೊಟ್ಟಿತು. ಇದರಲ್ಲಿ ಪಿತೂರಿ ಏನೂ ಇಲ್ಲ, ಸೌಲಭ್ಯ ಒಳ್ಳೇದೇ. ಆದ್ರೆ ಹೆಡ್‌ಫೋನ್ ಅಂಗಡಿಗೂ ಶ್ರವಣ ಸಾಧನದ ಅಂಗಡಿಗೂ ನಡುವೆ ಇದ್ದ ಗೋಡೆ ಬೀಳ್ತಿದೆ ಅನ್ನೋದಂತೂ ನಿಜ. ಒಂದು ಬಾಗಿಲಿಂದ ಇಪ್ಪತ್ತನೇ ವಯಸ್ಸಿಗೆ ಹೋದವರು ಇನ್ನೊಂದು ಬಾಗಿಲಿಂದ ಐವತ್ತಕ್ಕೆ ಮುಂಚೆ ಹೋಗೋ ಹಾಗಾಗಬಾರದು.

ಈಗ ಹವ್ಯಾಸಿ ಗೆಳೆಯರಿಗೆ ನೇರವಾಗಿ ಒಂದು ಮಾತು. ನಿಮ್ಮ ಹತ್ರ ಇರೋ ತಿಳಿವಳಿಕೆ ಊರಿಗೆ ಬೇಕಾಗಿದೆ. ಯಾವ ಟಿಪ್ ಹೊರಗಿನ ಸದ್ದು ತಡೆಯುತ್ತೆ, ಯಾವ ಸಾವಿರದೈನೂರು ರೂಪಾಯಿಯ ವೈರ್ ಇಯರ್‌ಫೋನ್ ಹತ್ತು ಸಾವಿರದ್ದಕ್ಕೆ ಸಮ ನಿಲ್ಲುತ್ತೆ, ಯಾವುದರ ಕೇಬಲ್ ಬಿಚ್ಚಿ ಬದಲಾಯಿಸಬಹುದು, ಇದೆಲ್ಲ ನಿಮಗೆ ಗೊತ್ತು. ನಿಮ್ಮ ತಮ್ಮ, ತಂಗಿ, ಆಫೀಸಿನ ಸೆಕ್ಯೂರಿಟಿ ಅಣ್ಣ, ಮನೆಗೆ ಪಾರ್ಸೆಲ್ ತರೋ ಹುಡುಗ, ಇವರಿಗೆ ಗೊತ್ತಿಲ್ಲ. ಅವರು ಡಬ್ಬದ ಮೇಲಿನ "ಎಕ್ಸ್‌ಟ್ರಾ ಬಾಸ್" ನೋಡಿ ಕೊಳ್ತಾರೆ, ಫೋನ್ ತೋರಿಸೋ ಎಚ್ಚರಿಕೆಗೆ ಓಕೆ ಒತ್ತಿ ಪೂರ್ತಿ ಏರಿಸ್ತಾರೆ. ಮುಂದಿನ ಸಲ ಹೊಸ ಖರೀದಿ ತೋರಿಸುವಾಗ ಬೆಲೆ ಪಕ್ಕದಲ್ಲಿ ಒಂದು ಸಾಲು ಸೇರಿಸಿ. ಹಳೇದನ್ನು ವಾಲ್ಯೂಮ್ ಎಷ್ಟರಲ್ಲಿಟ್ಟು ಕೇಳ್ತಿದ್ದೆ, ಇದನ್ನು ಎಷ್ಟರಲ್ಲಿಟ್ಟು ಕೇಳ್ತೀನಿ. ಆ ಒಂದು ಸಾಲು ಓದಿದವರು ಕಲಿಯೋದು ಹತ್ತು ಸಾಲಿನ ಬಾಸ್ ವರ್ಣನೆಗಿಂತ ಜಾಸ್ತಿ.

ಇನ್ನೊಂದು. ಮೂವತ್ತು ಸಾವಿರದ ಹೆಡ್‌ಫೋನ್ ಕೊಂಡಿದ್ದೀರಿ, ಬಹಳ ಸಂತೋಷ. ಅದರ ಫ್ರೀಕ್ವೆನ್ಸಿ ನಕ್ಷೆ ನಿಮಗೆ ಬಾಯಿಪಾಠ. ನಿಮ್ಮ ಸ್ವಂತ ಕಿವಿಯ ನಕ್ಷೆ ಯಾವತ್ತಾದ್ರೂ ನೋಡಿದ್ದೀರಾ? ಆಡಿಯೋಗ್ರಾಮ್ ಅಂತಾರೆ ಅದಕ್ಕೆ. ನೋವಿಲ್ಲ, ಸೂಜಿ ಇಲ್ಲ. ಶಬ್ದ ಬಾರದ ಕೋಣೇಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕೇಳಿಸಿ, ಕೇಳಿದಾಗ ಗುಂಡಿ ಒತ್ತು ಅಂತಾರೆ. ಇದಕ್ಕಾಗಿ ನಾವು ದೂರ ಹೋಗಬೇಕಾಗಿಲ್ಲ. ಇಡೀ ದೇಶ ಹುಡುಕಿಕೊಂಡು ಬರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರೋದೇ ನಮ್ಮ ಮೈಸೂರಲ್ಲಿ, ಮಾನಸಗಂಗೋತ್ರಿಯಲ್ಲಿ, 1965ರಿಂದ. ಅಲ್ಲಿಗೆ ಹೋಗೋಕೆ ಆಗದಿದ್ರೆ ಕಿವಿ-ಮೂಗು-ಗಂಟಲು ವೈದ್ಯರ ಹತ್ರ ಕೇಳಿ, ಎಲ್ಲಿ ಮಾಡ್ತಾರೆ ಅಂತ ಹೇಳ್ತಾರೆ. ಮಾರ್ಚ್ 3 ವಿಶ್ವ ಶ್ರವಣ ದಿನ. ವರ್ಷಕ್ಕೊಂದು ಹೊಸ ಹೆಡ್‌ಫೋನ್ ಕೊಳ್ಳೋರು, ವರ್ಷಕ್ಕೊಂದು ಸಲ ಕಿವಿ ತೋರಿಸೋಕೆ ಆ ದಿನ ಗೊತ್ತು ಮಾಡ್ಕೊಳ್ಳಿ.

ತಂದೆ-ತಾಯಿಗಳಿಗೆ ಕೊನೇ ಮಾತು. "ಆ ಕಿವೀಲಿರೋದನ್ನ ಕಿತ್ತು ಬಿಸಾಕು" ಅಂತ ಕೂಗೋದ್ರಿಂದ ಏನೂ ಆಗಲ್ಲ, ಅದು ಕೇಳಿಸೋದೂ ಇಲ್ಲ! ಪಕ್ಕದಲ್ಲಿ ಕೂತು, ಏನು ಕೇಳ್ತಿದ್ದೀಯ ಅಂತ ಒಂದು ಕಡೆಯದ್ದನ್ನು ಈಸ್ಕೊಂಡು ನೀವೂ ಕಿವಿಗಿಟ್ಕೊಳ್ಳಿ. 1979ರಲ್ಲಿ ಸೋನಿಯವರು ಮೊದಲ ವಾಕ್‌ಮನ್ ತಂದಾಗ ಅದಕ್ಕೆ ಹೆಡ್‌ಫೋನ್ ತೂತು ಎರಡಿತ್ತು. ಒಬ್ಬರೇ ಕೇಳೋದು ಸರಿಯಲ್ಲ, ಇಬ್ಬರು ಕೇಳಲಿ ಅಂತ. ಆ ಎರಡನೇ ತೂತು ಆಮೇಲೆ ಮಾಯ ಆಯ್ತು. ನಿಮ್ಮ ಮನೇಲಿ ಅದನ್ನು ವಾಪಸ್ ತರೋಕೆ ದುಡ್ಡೇನೂ ಬೇಕಾಗಿಲ್ಲ. ಹಾಗೆ ಕೂತು ಕೇಳಿದಾಗ ವಾಲ್ಯೂಮ್ ಎಷ್ಟಿದೆ ಅಂತ ನಿಮಗೇ ಗೊತ್ತಾಗುತ್ತೆ. ಜಾಸ್ತಿ ಇದೆ ಅನ್ಸಿದ್ರೆ ಎರಡು ಕಡ್ಡಿ ಇಳಿಸಿ. ಐದು ನಿಮಿಷದಲ್ಲಿ ಕಿವಿ ಹೊಂದಿಕೊಳ್ಳುತ್ತೆ, ಹಾಡಿನ ರುಚಿ ಎಲ್ಲೂ ಹೋಗಲ್ಲ.

ಈ ಕಾರ್ಯಕ್ರಮ ನೋಡ್ತಿರೋ ನಿಮ್ಮ ಟಿವಿಯಿಂದಲೇ ಶುರು ಮಾಡಿ. ರಿಮೋಟ್ ಕೈಲಿದೆ ಅಲ್ವಾ? ಎರಡು ಕಡ್ಡಿ ಇಳಿಸಿ ನೋಡಿ. ನನ್ನ ಮಾತು ಆಗಲೂ ಕೇಳುತ್ತೆ.